ಚಟವೋ, ಮೈ ಒಗ್ಗಿದ್ದೋ

"ದೊಡ್ಡಮ್ಮಂಗೆ ಮಾತ್ರೆ ಚಟ ಆಗ್ತಿದೆ ಅನ್ಸುತ್ತೆ ಕಣಮ್ಮ" ಎಂದು ಅಡುಗೆಮನೆಯಲ್ಲಿ ದನಿ ತಗ್ಗಿಸಿ ಅಮ್ಮನಿಗೆ ಹೇಳಿದವಳು ನಾನೇ. ಮೂರು ವರ್ಷವಾಯಿತು. ದೊಡ್ಡಮ್ಮನಿಗೆ ಕ್ಯಾನ್ಸರ್ ಬೆನ್ನುಮೂಳೆಗೆ ಹಬ್ಬಿತ್ತು. ನಾಲ್ಕು ಗಂಟೆಗೊಂದು ಮಾರ್ಫಿನ್ ಮಾತ್ರೆ. ಮೊದಲ ತಿಂಗಳು ಅಷ್ಟರಲ್ಲೇ ನಿದ್ದೆ ಬರುತ್ತಿತ್ತು. ಆಮೇಲೆ ಎರಡೂವರೆ ಗಂಟೆಗೇ "ಇನ್ನರ್ಧ ಕೊಡೇ ತಾಯಿ" ಅನ್ನತೊಡಗಿದಳು. ನಾನು ಗಡಿಯಾರ ತೋರಿಸುತ್ತಿದ್ದೆ. ವಿಜ್ಞಾನ ಓದಿದವಳು ಎಂದು ಮಾತ್ರೆಯ ಡಬ್ಬಿಯನ್ನು ಮನೆಯವರು ನನ್ನ ಕೈಗೆ ಕೊಟ್ಟಿದ್ದರು. ನನ್ನ ಪಿಎಚ್‌ಡಿ ವಿಷಯ ಜೀವಕೋಶದ ಗ್ರಾಹಕಗಳು. ಈ ಕತೆಯಲ್ಲಿ ನನಗೆ ನಾಚಿಕೆಯಾಗುವುದು ಅಲ್ಲೇ.

ಗ್ರಾಹಕ ಎಂದರೆ ಕೋಶದ ಪೊರೆಯಲ್ಲಿ ಕೂತಿರುವ ಪ್ರೋಟೀನ್. ಮಾರ್ಫಿನ್ ಹಿಡಿಯುವುದು ಮ್ಯೂ ಓಪಿಯಾಯ್ಡ್ ಗ್ರಾಹಕವನ್ನು. ಅದು ಪೊರೆಯನ್ನು ಹೊಲಿಗೆ ಹಾಕಿದ ಹಾಗೆ ಏಳು ಸಲ ದಾಟುತ್ತದೆ. ಮಾರ್ಫಿನ್ ಕೋಶದೊಳಕ್ಕೆ ಹೋಗಬೇಕಾಗಿಯೇ ಇಲ್ಲ. ಹೊರಬದಿಯ ಗುಳಿಯಲ್ಲಿ ಬಂದು ಕೂತರೆ ಒಳಬದಿಯ ಒಂದು ಸುರುಳಿ ಆಚೆಗೆ ವಾಲುತ್ತದೆ. 2011ರಲ್ಲಿ ಬ್ರಯಾನ್ ಕೋಬಿಲ್ಕ ಅವರ ತಂಡ ಇದೇ ಕುಟುಂಬದ ಅಡ್ರಿನಲಿನ್ ಗ್ರಾಹಕವೊಂದು ತನ್ನ ಜಿ-ಪ್ರೋಟೀನಿಗೆ ಅಂಟಿಕೊಂಡಿರುವ ರಚನೆಯನ್ನು ಹರಳಿನಲ್ಲಿ ಕಂಡಿತು. ಆ ಸುರುಳಿ ಸರಿದಿದ್ದ ದೂರ ಸುಮಾರು 1.4 ನ್ಯಾನೊಮೀಟರ್. ಮರುವರ್ಷ ಕೋಬಿಲ್ಕ ಮತ್ತು ಅವರ ಗುರು ರಾಬರ್ಟ್ ಲೆಫ್ಕೊವಿಟ್ಜ್ ಇಬ್ಬರಿಗೂ ರಸಾಯನಶಾಸ್ತ್ರದ ನೊಬೆಲ್ ಬಂತು.

ಅಷ್ಟು ಸರಿದರೆ ಏನಾಗುತ್ತದೆ? ಒಳಗಿರುವ ಜಿ-ಪ್ರೋಟೀನ್ ಸುಮ್ಮನಿದ್ದಾಗ ಜಿಡಿಪಿ ಎಂಬ ಅಣುವನ್ನು ಬಿಗಿಯಾಗಿ ಹಿಡಿದಿರುತ್ತದೆ (ಬಜೆಟ್ಟಿನ ಜಿಡಿಪಿ ಅಲ್ಲ, ಗ್ವಾನೊಸಿನ್ ಡೈಫಾಸ್ಫೇಟ್). ಗ್ರಾಹಕ ಅದನ್ನು 'ಪ್ರಚೋದಿಸುತ್ತದೆ' ಎಂದು ಪುಸ್ತಕದಲ್ಲಿ ಓದಿದಾಗ ಅದೇನೋ ಶಕ್ತಿಯನ್ನು ದಾಟಿಸುತ್ತದೆ ಎಂದುಕೊಂಡಿದ್ದೆ. ಹಾಗಲ್ಲ. ಗ್ರಾಹಕ ಏನನ್ನೂ ಕೊಡುವುದಿಲ್ಲ, ಹಿಡಿದದ್ದನ್ನು ಬಿಡುವ ಹಾಗೆ ಮಾಡುತ್ತದೆ. ಜಿಡಿಪಿ ಜಾರಿಹೋಗುತ್ತದೆ. ಕೋಶದಲ್ಲಿ ಜಿಟಿಪಿ ಹೆಚ್ಚಿಗೆ ಇರುವುದರಿಂದ ಖಾಲಿ ಜಾಗಕ್ಕೆ ಅದು ಬಂದು ಸೇರುತ್ತದೆ. ಜಿ-ಪ್ರೋಟೀನ್ ಎರಡು ಪಾಲಾಗುತ್ತದೆ. ಒಂದು ಪಾಲು ಹೋಗಿ ನರಕೋಶದ ಪೊಟ್ಯಾಸಿಯಂ ದಾರಿಗಳನ್ನು ತೆರೆಯುತ್ತದೆ, ನರ ಸುಮ್ಮನಾಗುತ್ತದೆ, ನೋವಿನ ಸುದ್ದಿ ಮುಂದಕ್ಕೆ ಹೋಗುವುದು ತಗ್ಗುತ್ತದೆ. ಇನ್ನೊಂದು ಪಾಲು ತನ್ನಲ್ಲಿರುವ ಜಿಟಿಪಿಯನ್ನು ತಾನೇ ಕತ್ತರಿಸಿ ಜಿಡಿಪಿ ಮಾಡಿಕೊಂಡು ಆರುತ್ತದೆ.

ದಿನವೂ ಇದೇ ನಡೆದರೆ ಕೋಶ ತನ್ನ ಲೆಕ್ಕ ಸರಿಮಾಡಿಕೊಳ್ಳುತ್ತದೆ. ಗ್ರಾಹಕದ ಬಾಲಕ್ಕೆ ಕಿಣ್ವಗಳು ಫಾಸ್ಫೇಟ್ ಅಂಟಿಸುತ್ತವೆ. ಅರೆಸ್ಟಿನ್ ಎಂಬ ಪ್ರೋಟೀನ್ ಬಂದು ಜಿ-ಪ್ರೋಟೀನ್ ಕೂರುವ ಜಾಗಕ್ಕೆ ಅಡ್ಡವಾಗುತ್ತದೆ. ಮಾರ್ಫಿನ್ ಅದುಮಿಟ್ಟಿದ್ದ ಕಿಣ್ವ ಒಳಗೊಳಗೇ ಬಲಿಯುತ್ತದೆ. ಅದೇ ಮಾತ್ರೆಗೆ ಅಷ್ಟೇ ಆರಾಮ ಸಿಗುವುದಿಲ್ಲ. ಜೊತೆಗೆ ಗಡ್ಡೆಯೂ ಬೆಳೆಯುತ್ತಿರುತ್ತದೆ, ನೋವೇ ಹೆಚ್ಚಾಗಿರಬಹುದು.

ಇದಕ್ಕೆ ನಮ್ಮಲ್ಲಿ ಒಳ್ಳೆಯ ಮಾತಿದೆ: ಮೈ ಒಗ್ಗಿದೆ. ಒಗ್ಗುವುದು ಮೈಯ ಕೆಲಸ. ಚಟ ಅಂದ ಕೂಡಲೇ ಅದರಲ್ಲಿ ಮನುಷ್ಯನ ನಡತೆಯ ಮೇಲೊಂದು ತೀರ್ಪು ಬಂದುಬಿಡುತ್ತದೆ. ಗೊತ್ತಿದ್ದೂ ನಾನು ಎರಡನೆಯ ಪದ ಆರಿಸಿಕೊಂಡೆ. ಡಾಕ್ಟರನ್ನು ಕೇಳದೆ ಇನ್ನರ್ಧ ಕೊಡಬೇಕಿತ್ತು ಎನ್ನುತ್ತಿಲ್ಲ. ಫೋನ್ ಮಾಡಬಹುದಿತ್ತು. ಹತ್ತು ದಿನ ಮಾಡಲಿಲ್ಲ.

ಆಮೇಲೆ ಬಹಳ ದಿನ ಈ ಅರೆಸ್ಟಿನ್ ಕತೆಯಿಂದಲೇ ದೊಡ್ಡಮ್ಮನ ಪರ ವಾದ ಮಾಡಿಕೊಂಡೆ. ಕೇಳಿದ್ದು ಅವಳಲ್ಲ, ಅವಳ ಗ್ರಾಹಕಗಳು, ಅವಳದೇನೂ ತಪ್ಪಿಲ್ಲ. ಆದರೆ ಈ ವಾದ ಅಲ್ಲಿಗೇ ನಿಲ್ಲುವುದಿಲ್ಲ. ನಿದ್ದೆಗೆಟ್ಟು ರೇಗಿದ ನನ್ನ ಎದೆ ಹೊಡೆದುಕೊಳ್ಳುತ್ತಿದ್ದದ್ದೂ ಅಡ್ರಿನಲಿನ್ ಗ್ರಾಹಕದಿಂದಲೇ, ಅದೇ ಏಳು ಹೊಲಿಗೆಯ ಕುಟುಂಬದ್ದು. ಅವಳನ್ನು ಬಿಡಿಸಿದ ಅಣು ನನ್ನನ್ನೂ ಬಿಡಿಸಬೇಕಲ್ಲ? ನಮಗೆ ಬೇಕಾದವರಿಗೆ ಜೀವರಸಾಯನ, ಬೇಡದವರಿಗೆ ನೀತಿಶಾಸ್ತ್ರ ಎಂದರೆ ಅದು ಮೋಸ. ನನಗೆ ಬಿಡುಗಡೆ ಬೇಕಾಗಿಯೂ ಇರಲಿಲ್ಲ; ತಪ್ಪು ಮಾಡಿದ್ದೆ ಎಂದು ನನಗೇ ಗೊತ್ತಿತ್ತು.

ಈಗ ಅನ್ನಿಸುವುದು ಬೇರೆ. ದೊಡ್ಡಮ್ಮನಿಗೆ ಅಣುವಿನ ಕಡೆಯಿಂದ ಕ್ಷಮೆ ತರಲು ಹೊರಟದ್ದೇ ನನ್ನ ಎರಡನೆಯ ತಪ್ಪು. ನೋವಾದವಳು ನೋವು ಅಂದಳು. ಅದಕ್ಕೆ ಕ್ಷಮೆ ಯಾಕೆ? ಗ್ರಾಹಕವನ್ನು ಏನು ಕೇಳಿದರೂ ಉತ್ತರ ಬರುವುದಿಲ್ಲ, ಅದಕ್ಕೆ ನಮಗೆ ಹರಳು, ಎಕ್ಸ್-ರೇ ಎಲ್ಲ ಬೇಕು. ದೊಡ್ಡಮ್ಮನನ್ನು ಕೇಳಬಹುದಿತ್ತು. ಹತ್ತು ದಿನದಲ್ಲಿ ಒಂದು ಸಲವೂ "ಎಷ್ಟು ನೋಯ್ತಿದೆ ದೊಡ್ಡಮ್ಮ?" ಎಂದು ನಾನು ಕೇಳಿರಲಿಲ್ಲ.

ಈ ಭಯ ನನ್ನೊಬ್ಬಳದೂ ಅಲ್ಲ. ಔಷಧಿಗೆಂದು ಕಾನೂನುಬದ್ಧವಾಗಿ ಅಫೀಮು ಬೆಳೆಯುವ ದೇಶ ನಮ್ಮದು. 1985ರ ಮಾದಕವಸ್ತು ಕಾಯ್ದೆ ಬಂದ ಮೇಲೆ ಅದೇ ದೇಶದ ಆಸ್ಪತ್ರೆಗಳು ಮಾರ್ಫಿನ್ ಇಟ್ಟುಕೊಳ್ಳಲು ಹೆದರುವಂತಾಯಿತು. 2014ರಲ್ಲಿ ತಿದ್ದುಪಡಿ ತಂದು ನಿಯಮ ಸಡಿಲಿಸಬೇಕಾಯಿತು. ಅಡುಗೆಮನೆಯ ನಿಯಮ ಸಡಿಲಿಸಲು ಮಾತ್ರ ಯಾವ ತಿದ್ದುಪಡಿಯೂ ಬರುವುದಿಲ್ಲ.

ಹನ್ನೊಂದನೆಯ ದಿನ ಅಮ್ಮನೇ ಡಾಕ್ಟರಿಗೆ ಫೋನ್ ಮಾಡಿದಳು. ಅವರು ಫೋನನ್ನು ದೊಡ್ಡಮ್ಮನ ಕೈಗೇ ಕೊಡಿಸಿ ಎಲ್ಲಿ, ಎಷ್ಟು, ಯಾವಾಗ ಎಂದು ವಿಚಾರಿಸಿ ಪ್ರಮಾಣ ಹೆಚ್ಚಿಸಿದರು. ಮರುದಿನ ದೊಡ್ಡಮ್ಮ ಮಧ್ಯಾಹ್ನದವರೆಗೆ ಮಲಗಿದ್ದಳು. ಎದ್ದವಳು ಮಾತ್ರೆ ಕೇಳಲಿಲ್ಲ. ಇವತ್ತು ಸಾರು ಏನೇ, ಅಂದಳು.