ಇಂದಿನ ಚಿಂತನೆ: ತನ್ನ ಗೂಡು, ಪಕ್ಕದ ಗೂಡು



ನಮ್ಮ ಕರಾವಳಿಯ ಅಳಿವೆಗಳಲ್ಲಿ ಆರೆಂಜ್ ಕ್ರೋಮೈಡ್ ಎಂಬ ಪುಟ್ಟ ಮೀನಿದೆ. ಉದ್ದ ಹೆಚ್ಚೆಂದರೆ 8 ಸೆಂ.ಮೀ. ಮೊಟ್ಟೆಯಿಟ್ಟ ಮೇಲೆ ಗಂಡು ಹೆಣ್ಣು ಎರಡೂ ಕಾವಲು ನಿಲ್ಲುತ್ತವೆ. ಈಜುರೆಕ್ಕೆ ಬೀಸಿ ಮೊಟ್ಟೆಗಳ ಮೇಲೆ ಹೊಸ ನೀರು ಹಾಯಿಸುತ್ತವೆ. ಮರಿಗಳು ಹೆತ್ತವರ ಮೈಮೇಲಿನ ಲೋಳೆಯನ್ನೂ ತಿಂದು ಬೆಳೆಯುತ್ತವೆ.

ಅದೇ ನೀರಿನಲ್ಲಿ ಅದರ ದೊಡ್ಡ ಬಂಧುವೂ ಇದೆ. ಕೇರಳದವರು ಕರಿಮೀನು ಎನ್ನುತ್ತಾರೆ. ಅದೂ ಕಲ್ಲನ್ನೋ ಕೊರಡನ್ನೋ ಶುಚಿ ಮಾಡಿ, ಮೊಟ್ಟೆ ಅಂಟಿಸಿ, ಜೋಡಿಯಾಗಿ ಕಾಯುತ್ತದೆ. ಆದರೆ ಆ ಮೊಟ್ಟೆ ಸಿಕ್ಕರೆ ಚಿಕ್ಕ ಮೀನು ತಿಂದುಬಿಡುತ್ತದೆ.

ಹಾಗಾದರೆ ತನ್ನ ಗೂಡಿನಲ್ಲಿ ಅದು ತೋರಿದ್ದು ಪ್ರೀತಿಯಲ್ಲವೇ? ಪ್ರೀತಿಯೇ. ಮೀನಿನ ತಪ್ಪೂ ಇಲ್ಲ. ಗೂಡಿನಾಚೆ ಯೋಚಿಸುವ ಶಕ್ತಿ ಅದಕ್ಕಿಲ್ಲ. ನಮಗಿದೆ.

ದೊಡ್ಡನೆಕ್ಕುಂದಿಯಲ್ಲಿ ಬೆಳಗ್ಗೆ ಶಾಲೆಗೆ ಹೋಗುವಾಗ ನೋಡುತ್ತೇನೆ: ಮಗಳಿಗೆ ತಡವಾಗಬಾರದೆಂದು ಅಪ್ಪ ಬೈಕನ್ನು ಫುಟ್‌ಪಾತಿಗೆ ಹತ್ತಿಸುತ್ತಾನೆ, ಅಲ್ಲಿ ನಡೆದು ಬರುವ ಬೇರೆ ಮಕ್ಕಳು ಗೋಡೆಗೆ ಒತ್ತಿ ನಿಲ್ಲುತ್ತಾರೆ. ಅವನೂ ಒಳ್ಳೆಯ ತಂದೆಯೇ. ಕಷ್ಟ ಇರುವುದೇ ಅಲ್ಲಿ.

ಮೆತ್ತ ಸುತ್ತದಲ್ಲಿ ಒಬ್ಬನೇ ಮಗನನ್ನು ಕಾಯುವ ತಾಯಿಯ ಹೋಲಿಕೆ ಬರುತ್ತದೆ. ಮಾತು ಅಲ್ಲಿಗೇ ನಿಲ್ಲದೆ, ಅಂಥ ಮನಸ್ಸನ್ನು ಎಲ್ಲ ಜೀವಿಗಳತ್ತ ಬೆಳೆಸಬೇಕೆನ್ನುತ್ತದೆ. ತಾಯಿಯ ಪ್ರೀತಿಯಿಂದ ಮೈತ್ರಿಯ ಆಳ ತಿಳಿಯುತ್ತದೆ. ಆ ಪ್ರೀತಿ ಹುಟ್ಟಿನಿಂದಲೇ ಬರುತ್ತದೆ, ಮೀನಿಗೂ ಬಂದಿದೆ. ಮೈತ್ರಿಯ ಅಗಲ ಮಾತ್ರ ಅಭ್ಯಾಸದಿಂದಲೇ ಬರಬೇಕು.

ಇಂದು ನಮ್ಮ ಮಗುವಿಗಾಗಿ ಏನಾದರೂ ಮಾಡುವ ಮುನ್ನ, ಅದರಿಂದ ಗೋಡೆಗೆ ಒತ್ತಿ ನಿಲ್ಲಬೇಕಾದ ಮಗು ಯಾವುದು ಎಂದು ಒಮ್ಮೆ ನೋಡೋಣ.

ಎಲ್ಲರಿಗೂ ಮಂಗಳವಾಗಲಿ. 🙏