ಆಕೆ ಪ್ರತಿಜ್ಞೆ ಸ್ವೀಕರಿಸಿರಲಿಲ್ಲ

ಹುಮನಾಬಾದಿನ ನಮ್ಮ ಓಣಿಯಲ್ಲಿ ಒಬ್ಬ ಹೆಣ್ಣುಮಗಳಿದ್ದಾರೆ. ತವರು ಬಸವಕಲ್ಯಾಣ. ಗಂಡ ಸೈನ್ಯದಲ್ಲಿ ಹವಾಲ್ದಾರ. ವಯಸ್ಸಿನಲ್ಲಿ ನಮಗಿಂತ ಚಿಕ್ಕವರಾದರೂ ಓಣಿಯೆಲ್ಲ ಅವರನ್ನು ಅಕ್ಕ ಎನ್ನುತ್ತದೆ, ನಾವೂ ಹಾಗೆಯೇ ಕರೆಯುತ್ತೇವೆ. ಹೆಸರು ಬರೆಯಬೇಡಿ ಎಂದು ಅವರೇ ಕೇಳಿಕೊಂಡಿರುವುದರಿಂದ ಇಲ್ಲಿಯೂ ಅವರು ಅಕ್ಕನೇ.

ಕಳೆದ ರಾಜ್ಯೋತ್ಸವದಂದು ಓಣಿಯ ಹುಡುಗರು ಅಕ್ಕನನ್ನು ವೇದಿಕೆಗೆ ಕರೆದು ಶಾಲು ಹೊದಿಸಿ, ಹಾರ ಹಾಕಿ, ಹಣ್ಣಿನ ಬುಟ್ಟಿ ಕೊಟ್ಟರು. ಮಾತಾಡಿದವರಲ್ಲಿ ನಾವೂ ಒಬ್ಬರು. ಕತೆ ಬರೆಯುವವರಿಗೆ ಮೈಕು ಸಿಕ್ಕರೆ ಪದಗಳಿಗೆ ಬರವೇ? 'ತ್ಯಾಗಮಯಿ' ಎಂದೆವು, 'ಗಡಿ ಕಾಯುವವನ ಮನೆ ಕಾಯುವ ವೀರನಾರಿ' ಎಂದೆವು. ಚಪ್ಪಾಳೆ ಬಿತ್ತು.

ಅಂದು ಮಗ್ರಿಬ್ ನಮಾಝಿನ ನಂತರ ಅಕ್ಕ ನಮ್ಮ ಮನೆಗೆ ಬಂದರು. ಬುಟ್ಟಿಯ ಹಣ್ಣನ್ನು ಓಣಿಯ ಮಕ್ಕಳಿಗೆ ಹಂಚಿ, ನಮ್ಮ ಪಾಲಿನ ಎರಡು ಸೇಬು ತಂದಿದ್ದರು. ಚಹಾ ಕುಡಿದು, ಎದ್ದು ಹೋಗುವ ಮುನ್ನ ಮೆಲ್ಲಗೆ ಕೇಳಿದರು:

"ಆಪಾ, ಛಲೋ ಮಾತಾಡಿದ್ರಿ. ಖರೆ ಒಂದ್ ಮಾತು ಕೇಳ್ತೀನಿ, ಸಿಟ್ಟಾಗಬ್ಯಾಡ್ರಿ. ತ್ಯಾಗ ಅಂದ್ರ ನನ್ನ ಕೈಯಾಗಿಂದು ನಾನೇ ಕೊಡಾದಲ್ರಿ? ನನಗ ಯಾರ್ ಕೇಳ್ಯಾರ್ರಿ?"

ಉತ್ತರ ನಮ್ಮ ಬಳಿ ಇರಲಿಲ್ಲ. ಆ ರಾತ್ರಿಯಿಂದ ಈ ಪ್ರಶ್ನೆ ನಮ್ಮನ್ನು ಬಿಟ್ಟಿಲ್ಲ. ಅದನ್ನು ಓದುಗರ ಮುಂದಿಡುವುದೇ ಈ ಬರಹದ ಉದ್ದೇಶ.

ಸೈನ್ಯಕ್ಕೆ ಸೇರುವ ಯುವಕ ತರಬೇತಿ ಮುಗಿದ ದಿನ ತನ್ನ ಧರ್ಮಗ್ರಂಥದ ಸಾಕ್ಷಿಯಲ್ಲಿ, ಧ್ವಜದ ಮುಂದೆ ಪ್ರತಿಜ್ಞೆ ಸ್ವೀಕರಿಸುತ್ತಾನೆ. ನೆಲ, ಜಲ, ಆಕಾಶ ಎಲ್ಲಿಗೆ ಕಳುಹಿಸಿದರೂ ಹೋಗುತ್ತೇನೆ, ಪ್ರಾಣ ಹೋದರೂ ಆಜ್ಞೆ ಮೀರುವುದಿಲ್ಲ ಎನ್ನುತ್ತಾನೆ. ಅದು ಅವನ ಮಾತು, ಅವನು ಕೊಟ್ಟ ಮಾತು. ಅವನ ಹೆಂಡತಿ ಯಾವ ಮೈದಾನದಲ್ಲೂ ಕೈ ಎತ್ತಿ ನಿಂತಿಲ್ಲ. ನಮ್ಮಲ್ಲಿ ನಿಕಾಹಿನ ವೇಳೆ ಹೆಣ್ಣಿನ ಒಪ್ಪಿಗೆ ಕೇಳಲೇಬೇಕು, ಅದಿಲ್ಲದೆ ನಿಕಾಹ್ ಊರ್ಜಿತವಾಗುವುದಿಲ್ಲ. ಆದರೆ ಆಕೆ ಒಪ್ಪಿಕೊಳ್ಳುವುದು ಒಬ್ಬ ಗಂಡಸನ್ನು. ಅವನ ಪಲ್ಟನ್ನನ್ನು, ಹಿಮವನ್ನು, ಮರುಭೂಮಿಯನ್ನು, ನಡುರಾತ್ರಿ ಬರುವ ಫೋನನ್ನು ಒಪ್ಪಿದೆಯಾ ಎಂದು ಯಾರೂ ಕೇಳುವುದಿಲ್ಲ. ಅಕ್ಕನ ಮದುವೆ ಬಸವಕಲ್ಯಾಣದಲ್ಲಿ ನಡೆದದ್ದು ಬೇರೆ ವಿಧಿಯಿಂದ. ಅಲ್ಲಿಯೂ ಕೇಳಲಿಲ್ಲ. "ಹುಡುಗ ಮಿಲ್ಟ್ರಿ, ಪಗಾರ ಪಕ್ಕಾ" ಎಂದು ಹಿರಿಯರು ನಿಶ್ಚಯಿಸಿದರು, ಅಷ್ಟೇ.

ಲೆಕ್ಕವನ್ನೂ ನೋಡೋಣ. ನಮ್ಮ ಸೈನ್ಯದಲ್ಲಿ ಜವಾನನಿಗೆ ವರ್ಷಕ್ಕೆ 60 ದಿನ ವಾರ್ಷಿಕ ರಜೆ, 30 ದಿನ ಸಾಂದರ್ಭಿಕ ರಜೆ. ಎಲ್ಲವೂ ಸಿಕ್ಕಿತೆಂದರೂ ಉಳಿಯುವುದು 275 ದಿನ. ಪಿಂಚಣಿಗೆ ಬೇಕಾದ ಕನಿಷ್ಠ ಸೇವೆ 15 ವರ್ಷ. ಊರಲ್ಲೇ ಉಳಿದ ಹೆಂಡತಿಯ ಪಾಲಿಗೆ ಆ ಹದಿನೈದು ವರ್ಷದಲ್ಲಿ ಹನ್ನೊಂದು ವರ್ಷಕ್ಕೂ ಹೆಚ್ಚು ಕಾಲ ಗಂಡನಿಲ್ಲದ ಮನೆ. ಶಾಂತಿ ನೆಲೆಗಳಲ್ಲಿ ಕ್ವಾರ್ಟರ್ಸ್ ಸಿಕ್ಕರೆ ಒಂದೆರಡು ವರ್ಷ ಜೊತೆಗಿರಬಹುದು, ನಿಜ. ಆದರೆ ಅತ್ತೆಗೆ ಕಣ್ಣು ಕಾಣದು, ಮಾವನಿಗೆ ಸಕ್ಕರೆ ಕಾಯಿಲೆ, ಹೊಲದಲ್ಲಿ ತೊಗರಿ. ಅಕ್ಕ ಎಲ್ಲಿಗೆ ಹೋಗುವುದು? ಛಾವಣಿಯಲ್ಲಾದರೆ ಸೈನಿಕರ ಮಡದಿಯರಿಗಾಗಿ 1966ರಿಂದ ಕೆಲಸ ಮಾಡುತ್ತಿರುವ ಕಲ್ಯಾಣ ಸಂಘವಿದೆ, ಒಬ್ಬರಿಗೊಬ್ಬರು ಆಸರೆಯಾಗುತ್ತಾರೆ. ಹುಮನಾಬಾದಿನ ಓಣಿಯಲ್ಲಿ ಅಕ್ಕ ಒಬ್ಬರೇ.

ಒಬ್ಬರೇ ಆದದ್ದರಿಂದಲೇ ಅವರು ಎಲ್ಲವನ್ನೂ ಕಲಿತರು. ಬ್ಯಾಂಕಿನ ಚಲನ್ ತುಂಬುವುದು, ರೆಕಾರ್ಡ್ ಆಫೀಸಿಗೆ ಅರ್ಜಿ ಬರೆಯುವುದು, ಪಹಣಿ ತೆಗೆಸುವುದು, ಮಾವನನ್ನು ಆಸ್ಪತ್ರೆಗೆ ಸೇರಿಸಿ ರಾತ್ರಿಯೆಲ್ಲ ಕೂರುವುದು. ಕಲಿತದ್ದನ್ನು ಮನೆಯೊಳಗೇ ಇಟ್ಟುಕೊಳ್ಳಲಿಲ್ಲ. ಇಂದು ಓಣಿಯ ಯಾವ ವಿಧವೆಗೆ ಪಿಂಚಣಿ ನಿಂತರೂ, ಯಾರ ಮಗುವಿನ ಆಧಾರಿನಲ್ಲಿ ಹೆಸರು ತಪ್ಪಿದರೂ ಅಕ್ಕನ ಬಾಗಿಲು ಬಡಿಯುತ್ತಾರೆ. ನಮ್ಮ ಖಾಲಾ ತೀರಿಕೊಂಡ ದಿನ ಬಂದವರಿಗೆಲ್ಲ ಅನ್ನ ಬೇಯಿಸಿದ್ದು ಅಕ್ಕನ ಒಲೆ. ಇದನ್ನು ಅವರಿಂದ ಯಾರೂ ಬಲವಂತವಾಗಿ ಪಡೆಯಲಿಲ್ಲ. ತ್ಯಾಗ ಎನ್ನಬೇಕಾದರೆ ಇದನ್ನು ಎನ್ನಬೇಕು. ಆದರೆ ವೇದಿಕೆಯ ಮೇಲೆ ನಾವು ಹೊಗಳಿದ್ದು ಇದನ್ನಲ್ಲ. ಅವರ ಕೈಯಿಂದ ಹೋದದ್ದನ್ನು ಹೊಗಳಿದೆವು, ಅವರು ಕೈಯಾರೆ ಕೊಟ್ಟದ್ದನ್ನು ಮರೆತೆವು.

ಇಲ್ಲಿ ಇಸ್ಲಾಮಿನ ಇತಿಹಾಸದ ಒಂದು ಪ್ರಸಂಗ ನೆನಪಾಗುತ್ತದೆ. ಖಲೀಫಾ ಹ. ಉಮರ್(ರ) ರಾತ್ರಿ ಮದೀನಾದ ಬೀದಿಗಳಲ್ಲಿ ಸುತ್ತುತ್ತಿದ್ದರು. ಒಂದು ಮನೆಯಿಂದ ಹೆಣ್ಣುಮಗಳೊಬ್ಬಳ ಅಳಲು ಕೇಳಿಸಿತು. ಗಂಡ ಸೈನ್ಯದೊಂದಿಗೆ ದೂರ ಹೋಗಿದ್ದ, ರಾತ್ರಿ ದೀರ್ಘವಾಗಿತ್ತು, ಅಲ್ಲಾಹನ ಭಯವೊಂದೇ ಆಕೆಯನ್ನು ಹಿಡಿದಿಟ್ಟಿತ್ತು. ಖಲೀಫರು ತಮ್ಮ ಮಗಳು ಹ. ಹಫ್ಸಾ(ರ) ಅವರಲ್ಲಿಗೆ ಹೋಗಿ, ಹೆಣ್ಣು ಗಂಡನಿಲ್ಲದೆ ಎಷ್ಟು ಕಾಲ ತಾಳಬಲ್ಲಳು ಎಂದು ಕೇಳಿದರು. ನಾಲ್ಕು ತಿಂಗಳು, ಹೆಚ್ಚೆಂದರೆ ಆರು ಎಂಬ ಉತ್ತರ ಬಂತು. ವರದಿಗಳಲ್ಲಿ ಎರಡೂ ಇವೆ. ಅದಕ್ಕಿಂತ ಹೆಚ್ಚು ಕಾಲ ಯಾವ ಸೈನಿಕನನ್ನೂ ಮನೆಯಿಂದ ದೂರ ಇಡಬಾರದೆಂದು ಆಜ್ಞೆಯಾಯಿತು.

ಗಮನಿಸಿ, ಹ. ಉಮರ್(ರ) ಆಕೆಯನ್ನು ಸಭೆಗೆ ಕರೆದು ಸನ್ಮಾನಿಸಲಿಲ್ಲ. ಆಕೆಯ ಹೆಸರನ್ನೂ ಕೇಳಲಿಲ್ಲ. ಕೇಳಬೇಕಾದದ್ದನ್ನು ಒಬ್ಬ ಹೆಣ್ಣಿನ ಬಳಿಯೇ ಕೇಳಿದರು, ಬದಲಿಸಬೇಕಾದದ್ದನ್ನು ಬದಲಿಸಿದರು. ಹೆಸರು ನೋಂದಾಯಿಸಿಕೊಂಡಿದ್ದ ಒಬ್ಬ ಯೋಧ, ತನ್ನ ಹೆಂಡತಿ ಹಜ್ಜಿಗೆ ಹೊರಟಿದ್ದಾಳೆಂದು ಪ್ರವಾದಿ(ಸ)ಯವರಿಗೆ ತಿಳಿಸಿದಾಗ, ಹೋಗು, ಹೆಂಡತಿಯ ಜೊತೆ ಹಜ್ಜ್ ಮಾಡು ಎಂದರಂತೆ. ಇದು ಬುಖಾರಿಯಲ್ಲಿದೆ. ಯುದ್ಧದ ಪಟ್ಟಿಯಲ್ಲಿದ್ದವನ ಹೆಸರಿನ ಹಿಂದೆ ಇನ್ನೊಂದು ಜೀವವಿದೆ ಎಂಬುದನ್ನು ಅವರು ಮರೆಯಲಿಲ್ಲ.

ಅಕ್ಕನ ಪ್ರಶ್ನೆ ನಮ್ಮನ್ನು ನಮ್ಮ ಮನೆಯ ಹಳೆಯ ಕತೆಗೂ ಎಳೆದೊಯ್ಯಿತು. ನಮ್ಮ ನಾನಿ ಬಸವಕಲ್ಯಾಣದವರು. ಅವರ ಬಾಯಲ್ಲಿ ಅದು ಕೊನೆಯವರೆಗೂ 'ಕಲ್ಯಾಣಿ'. ಅವರ ಗಂಡ ನಿಜಾಮರ ಫೌಜಿನಲ್ಲಿ ಸಿಪಾಯಿ. 1948ರ ಬೇಸಿಗೆಯಲ್ಲಿ ರಜೆ ಮುಗಿಸಿ ಹೋದವರು ಹಿಂದಿರುಗಲಿಲ್ಲ. ಅದು ಎಂಥ ವರ್ಷವೆಂದು ಬೀದರ್ ಸೀಮೆಯವರಿಗೆ ಹೇಳಬೇಕಿಲ್ಲ. ಮೇ ತಿಂಗಳಲ್ಲಿ ಇದೇ ಸೀಮೆಯ ಗೋರ್ಟಾದಲ್ಲಿ ರಜಾಕಾರರು ಹತ್ಯಾಕಾಂಡ ನಡೆಸಿದರು. ಸೆಪ್ಟೆಂಬರ್ 13ರಂದು ಪೊಲೀಸ್ ಕಾರ್ಯಾಚರಣೆ ಶುರುವಾಗಿ ಐದೇ ದಿನಕ್ಕೆ ನಿಜಾಮರ ಸೈನ್ಯ ಶರಣಾಯಿತು. ಆಮೇಲಿನ ಹಿಂಸೆಯಲ್ಲಿ ಅತಿ ಹೆಚ್ಚು ನರಳಿದ ನಾಲ್ಕು ಜಿಲ್ಲೆಗಳೆಂದು ಪಂಡಿತ್ ಸುಂದರಲಾಲ್ ಸಮಿತಿ ಹೇಳಿದ್ದು ಉಸ್ಮಾನಾಬಾದ್, ಗುಲ್ಬರ್ಗಾ, ಬೀದರ್, ನಾಂದೇಡ್. ಆ ವರ್ಷ ಹಿಂದೂ ಮನೆಗಳಲ್ಲೂ ಮುಸ್ಲಿಂ ಮನೆಗಳಲ್ಲೂ ಹೆಂಗಸರು ಬಾಗಿಲಲ್ಲಿ ಕೂತು ಕಾದರು.

ನಾನಿ ಕೊರಳಿನ ಕರಿಮಣಿ ಲಚ್ಚಾ ತೆಗೆಯಲೇ ಇಲ್ಲ. ಮೈಯತ್ ಕಂಡಿಲ್ಲ, ಸುದ್ದಿ ಬಂದಿಲ್ಲ, ಇದ್ದತ್ ಯಾವ ದಿನದಿಂದ ಎಣಿಸುವುದು? ಗಂಡ ಕಾಣೆಯಾದವಳು ಎಷ್ಟು ಕಾಲ ಕಾಯಬೇಕೆಂಬುದು ಫಿಕ್ಹಿನ ಹಳೆಯ ಪ್ರಶ್ನೆ. ಹನಫಿ ವಿದ್ವಾಂಸರ ಹಳೆಯ ಅಭಿಪ್ರಾಯದಲ್ಲಿ ಗಂಡನ ಸರೀಕರೆಲ್ಲ ತೀರಿಕೊಳ್ಳುವವರೆಗೆ, ಅಂದರೆ ಹೆಚ್ಚು ಕಡಿಮೆ ಹೆಣ್ಣಿನ ಆಯುಷ್ಯವೆಲ್ಲ. ಮಾಲಿಕಿಗಳು ನಾಲ್ಕು ವರ್ಷ ಎಂದರು, ಅದಕ್ಕೆ ಆಧಾರ ಮತ್ತೆ ಹ. ಉಮರ್(ರ) ಅವರ ತೀರ್ಪು. ಭಾರತದಲ್ಲಿ ಹನಫಿ ಉಲಮಾಗಳೇ ಹೆಣ್ಣುಮಕ್ಕಳ ಕಷ್ಟ ಕಂಡು ಮಾಲಿಕಿ ಅಭಿಪ್ರಾಯವನ್ನು ಸ್ವೀಕರಿಸಿದರು. ನಾಲ್ಕು ವರ್ಷ ಗಂಡನ ಸುಳಿವಿಲ್ಲದಿದ್ದರೆ ವಿವಾಹ ವಿಚ್ಛೇದನ ಪಡೆಯಬಹುದೆಂದು 1939ರ ಕಾಯ್ದೆ ಹೇಳಿತು. ನಾನಿಗೆ ಇದನ್ನು ಯಾರೂ ಹೇಳಲಿಲ್ಲ. ಬೀಡಿ ಕಟ್ಟಿ, ರಜಾಯಿ ಹೊಲಿದು ಮಕ್ಕಳನ್ನು ಸಾಕಿದರು, ಓಣಿಯ ಬಾಣಂತಿಯರಿಗೆಲ್ಲ ಎಣ್ಣೆ ನೀರು ಹಾಕಿದರು.

ಅವರಿಗೆ ಯಾರೂ ಶಾಲು ಹೊದಿಸಲಿಲ್ಲ. ಏಕೆಂದರೆ ಅವರ ಗಂಡ ಸೋತ ಸೈನ್ಯದವನು. ಅಕ್ಕ ಕಾಯುತ್ತಿರುವುದು, ನಾನಿ ಕಾದದ್ದು, ಈ ಎರಡು ಕಾಯುವಿಕೆಗಳಲ್ಲಿ ವ್ಯತ್ಯಾಸವೇನು? ಅದೇ ಖಾಲಿ ಹಾಸಿಗೆ, ಅದೇ ಅಂಚೆಯ ನಿರೀಕ್ಷೆ, ಅದೇ ಹಿಟ್ಟಿನ ಡಬ್ಬಿಯ ತಳ. ಹೆಣ್ಣಿನ ಸಹನೆಗೆ ಬೆಲೆ ಕಟ್ಟುವಾಗ ನಾವು ಅವಳ ಗಂಡನ ಧ್ವಜ ನೋಡುತ್ತೇವೆ ಎಂದಾದರೆ, ಗೌರವಿಸುತ್ತಿರುವುದು ಅವಳನ್ನೋ, ಧ್ವಜವನ್ನೋ? ಧ್ವಜಕ್ಕೆ ಗೌರವ ಸಲ್ಲಬೇಕು, ತಕರಾರಿಲ್ಲ. ಆದರೆ ಅವಳ ಹೆಸರಿನಲ್ಲಿ ಅದನ್ನು ಮಾಡಿ ಅವಳ ಋಣ ತೀರಿತೆಂದು ತಿಳಿಯಬಾರದು.

ಋಣವೆಂಬುದು ಎಷ್ಟು ದೀರ್ಘವೆಂಬುದಕ್ಕೆ ರಸೂಲನ್ ಬೀಬಿಯವರ ಬದುಕು ಸಾಕ್ಷಿ. ಉತ್ತರ ಪ್ರದೇಶದ ಗಾಝೀಪುರ ಜಿಲ್ಲೆಯ ಧಾಮೂಪುರದವರು. ಪತಿ ಹವಾಲ್ದಾರ್ ಅಬ್ದುಲ್ ಹಮೀದ್ 1965ರ ಸೆಪ್ಟೆಂಬರ್ 10ರಂದು ಅಸಲ್ ಉತ್ತರದ ರಣರಂಗದಲ್ಲಿ ಪ್ಯಾಟನ್ ಟ್ಯಾಂಕುಗಳನ್ನು ಧ್ವಂಸಗೊಳಿಸಿ ಹುತಾತ್ಮರಾದರು. 1966ರ ಗಣರಾಜ್ಯೋತ್ಸವದಂದು ರಾಷ್ಟ್ರಪತಿ ರಾಧಾಕೃಷ್ಣನ್ ಅವರ ಕೈಯಿಂದ ಪರಮವೀರ ಚಕ್ರ ಸ್ವೀಕರಿಸಿದ್ದು ಈಕೆ. ಆಮೇಲೆ ಬದುಕಿದ್ದು 2019ರ ಆಗಸ್ಟ್‌ವರೆಗೆ. ಹಮೀದರ ಆ ಕೆಲವು ದಿನಗಳ ಶೌರ್ಯ ನಮ್ಮ ಮಕ್ಕಳಿಗೆ ಗೊತ್ತು. ರಸೂಲನ್ ಬೀಬಿಯ ಸುಮಾರು 54 ವರ್ಷಗಳ ಬಗ್ಗೆ ಅವರಿಗೆ ಯಾರು ಹೇಳಿದ್ದಾರೆ?

ನಮ್ಮ ರಾಜ್ಯದ ಕತೆಯನ್ನೂ ನೆನೆಯೋಣ. 2016ರ ಫೆಬ್ರವರಿ 3ರಂದು ಸಿಯಾಚಿನ್‌ನಲ್ಲಿ ಹಿಮಪಾತವಾಯಿತು. ಕುಂದಗೋಳ ತಾಲ್ಲೂಕಿನ ಬೆಟದೂರಿನ ಲ್ಯಾನ್ಸ್ ನಾಯಕ್ ಹನುಮಂತಪ್ಪ ಕೊಪ್ಪದ ಹಿಮದಡಿಯಿಂದ ಆರನೆಯ ದಿನ ಜೀವಂತವಾಗಿ ಸಿಕ್ಕರು. ಮಸೀದಿ, ಮಂದಿರ, ಚರ್ಚುಗಳಲ್ಲಿ ದೇಶವೇ ದುಆ ಮಾಡಿತು. 11ರಂದು ದೆಹಲಿಯ ಆಸ್ಪತ್ರೆಯಲ್ಲಿ ಅವರು ತೀರಿಕೊಂಡರು. ಸತ್ತನೆಂದು ಒಮ್ಮೆ ಅತ್ತು, ಬದುಕಿದನೆಂದು ನಕ್ಕು, ಮತ್ತೆ ಅತ್ತ ಪತ್ನಿ ಮಹಾದೇವಿಯವರ ಆ ಎಂಟು ದಿನಗಳನ್ನು ಯಾವ ಪದಕದಿಂದ ಅಳೆಯೋಣ? ನಮ್ಮೂರಿನ ಮುಂದೆ ಹಾಯುವ ಹೆದ್ದಾರಿಯಲ್ಲೇ ಹೈದರಾಬಾದ್ ದಾಟಿ ಹೋದರೆ ಸೂರ್ಯಾಪೇಟ ಸಿಗುತ್ತದೆ. 2020ರ ಜೂನ್ 15ರಂದು ಗಾಲ್ವಾನ್‌ನಲ್ಲಿ ಹುತಾತ್ಮರಾದ ಕರ್ನಲ್ ಸಂತೋಷ್ ಬಾಬು ಅಲ್ಲಿಯವರು. ತೆಲಂಗಾಣ ಸರ್ಕಾರ ಅವರ ಪತ್ನಿ ಸಂತೋಷಿಯವರನ್ನು ಡೆಪ್ಯುಟಿ ಕಲೆಕ್ಟರ್ ಆಗಿ ನೇಮಿಸಿತು. ಕೆಲಸವೆಂಬುದು ಶಾಲಿಗಿಂತ ದೊಡ್ಡ ಗೌರವ. ಅದು ಆಕೆಯನ್ನು ಒಬ್ಬರ ವಿಧವೆ ಎಂದು ಕೂರಿಸದೆ ತನ್ನ ಕಾಲ ಮೇಲೆ ನಿಲ್ಲಿಸುತ್ತದೆ. ಆದರೆ ಜವಾನರ ಹೆಂಡತಿಯರಿಗೆಲ್ಲ ಅದು ಸಿಗುವುದಿಲ್ಲವಲ್ಲ.

ಕಾನೂನೂ ಕೆಲವೊಮ್ಮೆ ಹೆಣ್ಣನ್ನು ಕೇಳದೆಯೇ ಅವಳ ಬದುಕು ನಿರ್ಧರಿಸಿದ್ದುಂಟು. ಶೌರ್ಯ ಪದಕ ಪಡೆದವನ ವಿಧವೆಗೆ ಸಲ್ಲುವ ಭತ್ಯೆ, ಆಕೆ ಮರುಮದುವೆಯಾದರೆ ನಿಲ್ಲುತ್ತಿತ್ತು; ಮೈದುನನನ್ನೇ ಮದುವೆಯಾದರೆ ಮಾತ್ರ ಮುಂದುವರಿಯುತ್ತಿತ್ತು. 1972ರ ಆದೇಶ, 1995ರಲ್ಲಿ ತಿದ್ದುಪಡಿ. ಆ ಷರತ್ತನ್ನು ರಕ್ಷಣಾ ಸಚಿವಾಲಯ ತೆಗೆದುಹಾಕಿದ್ದು 2017ರ ನವೆಂಬರಿನಲ್ಲಿ. ಅಷ್ಟು ವರ್ಷ, ವೀರನ ಹೆಂಡತಿ ಆ ಮನೆಯ ಸೊತ್ತು ಎಂಬ ಭಾವ ಒಂದು ಸರ್ಕಾರಿ ಹಾಳೆಯ ಮೇಲೆ ಸುಮ್ಮನೆ ಕೂತಿತ್ತು. ವೇದಿಕೆಗಳಲ್ಲಿ ಅವಳನ್ನು ಮಾತೆ ಎನ್ನುತ್ತಿದ್ದ ನಾವು ಯಾರೂ ಆ ಹಾಳೆ ತಿರುವಿ ನೋಡಿರಲಿಲ್ಲ.

ಹಾಗಾದರೆ ಸೈನಿಕರಾಗುವುದೇ ಬೇಡವೇ ಎಂದು ಕೆಲವರು ಕೇಳಬಹುದು. ಹಾಗಲ್ಲ. ನಾವು ನೆಮ್ಮದಿಯಾಗಿ ಮಲಗಬೇಕಾದರೆ ಎಲ್ಲೋ ಒಬ್ಬ ಎಚ್ಚರವಾಗಿರಬೇಕು, ಅವನ ಮನೆಯಲ್ಲಿ ಇನ್ನೊಬ್ಬಳೂ ಎಚ್ಚರವಾಗಿರುತ್ತಾಳೆ. ಎರಡೂ ನಮ್ಮ ಸಾಲ. ಅವನ ಸಾಲಕ್ಕೆ ಪಗಾರ, ಪದಕ, ಪಿಂಚಣಿಯ ಏರ್ಪಾಡಿದೆ. ಅವಳ ಸಾಲಕ್ಕೆ ಹೊಗಳಿಕೆ ಮಾತ್ರ. ಹೊಗಳಿಕೆ ಅಗ್ಗ, ಅದನ್ನು ಕೊಟ್ಟು ಚುಕ್ತಾ ಎಂದು ರಸೀದಿ ಬರೆದುಕೊಳ್ಳುವುದು ಅನ್ಯಾಯ. 2022ರಲ್ಲಿ ಬಂದ ಅಗ್ನಿಪಥ ಯೋಜನೆಯಲ್ಲಂತೂ ನಾಲ್ಕು ವರ್ಷಕ್ಕೆ ಹೊರಬರುವ ಮುಕ್ಕಾಲು ಪಾಲು ಯುವಕರಿಗೆ ಪಿಂಚಣಿಯೂ ಇಲ್ಲ. ಅವರ ಮನೆಗೆ ನಾಳೆ ಬರುವ ಹೆಣ್ಣುಮಕ್ಕಳನ್ನೂ ಯಾರೂ ಕೇಳಿಲ್ಲ.

ಅಕ್ಕನ ತವರೂರು ಬಸವಣ್ಣನವರ ಕಲ್ಯಾಣ. ಅಲ್ಲಿ ಆಯ್ದಕ್ಕಿ ಮಾರಯ್ಯ ಅಂಗಳದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯ್ದು ತಂದು ಬದುಕುತ್ತಿದ್ದ. ಒಂದು ದಿನ ಹೆಚ್ಚು ಅಕ್ಕಿ ತಂದ. ಹೆಂಡತಿ ಲಕ್ಕಮ್ಮ ನೋಡಿದಳು, ಇದು ನಮ್ಮ ಪಾಲಿನದಲ್ಲ, ಹಿಂದಕ್ಕೆ ಕೊಟ್ಟು ಬಾ ಎಂದಳು. ಲಕ್ಕಮ್ಮ ಪತಿನಿಷ್ಠೆಯುಳ್ಳವಳೇ. ಆದರೆ ಅವಳ ನಿಷ್ಠೆಗೆ ಕಣ್ಣಿತ್ತು, ಬಾಯಿಯಿತ್ತು, ಅಳೆಯುವ ಕೈಯಿತ್ತು. ಮೌನವೇ ಹೆಣ್ಣಿನ ನಿಷ್ಠೆ ಎಂದು ಕಲ್ಯಾಣದ ಶರಣರು ಹೇಳಲಿಲ್ಲ, ಮದೀನಾದ ಖಲೀಫರೂ ಹೇಳಲಿಲ್ಲ. ಅದನ್ನು ಹೇಳಿದವರು ನಾವು.

ನಮ್ಮ ಭಾಷಣ ಅಕ್ಕನಿಗೆ ಆ ಹೆಚ್ಚಾದ ಅಕ್ಕಿಯಂತೆ ಕಂಡಿರಬೇಕು. ತಮ್ಮ ಪಾಲಿಗಿಂತ ಹೆಚ್ಚಿನದನ್ನು, ಅಥವಾ ತಮ್ಮ ಪಾಲಿನದಲ್ಲದ್ದನ್ನು, ಎರಡು ಸೇಬಿನ ಜೊತೆ ನಮಗೆ ಹಿಂದಿರುಗಿಸಿ ಹೋದರು.

ಮಾರನೆಯ ದಿನ ಅವರು ಓಣಿಯ ಒಬ್ಬ ಮುದುಕಿಯನ್ನು ಕರೆದುಕೊಂಡು ಬ್ಯಾಂಕಿಗೆ ಹೊರಟಿದ್ದರು. ನವೆಂಬರ್ ಬಂತೆಂದರೆ ಕುಟುಂಬ ಪಿಂಚಣಿಯವರು ತಾವು ಬದುಕಿದ್ದೇವೆಂದು ಪ್ರಮಾಣಪತ್ರ ಕೊಡಬೇಕು. ಬೆರಳು ಸವೆದಿದ್ದರೆ ಯಂತ್ರ ಒಪ್ಪುವುದಿಲ್ಲ, ಮತ್ತೆ ಮತ್ತೆ ಒತ್ತಬೇಕು. ನಾವು ಚೀಲ ಹೆಗಲಿಗೇರಿಸಿ ಜೊತೆಗೆ ಹೊರಟೆವು.

"ನೀವ್ಯಾಕ ಆಪಾ? ನಿಮಗ ಬರೆಯೋದಿರಬೇಕಲ್ರಿ" ಎಂದರು ಅಕ್ಕ.

"ಸಾಲಿನಾಗ ನಿಂದ್ರಲಿಕ್ಕೆ ಒಬ್ಬರು ಬೇಕಲ್ಲ" ಎಂದೆವು.

ಅಂದು ಸಾಲು ಉದ್ದವಿತ್ತು. ಮಾವನಿಗೆ ಮಾತ್ರೆ ಕೊಡುವ ಹೊತ್ತಾಯಿತೆಂದು ಅಕ್ಕ ಮನೆಗೆ ಹೋಗಿ ಬಂದರು. ಅಷ್ಟು ಹೊತ್ತು ಮುದುಕಿಯ ಕೈ ಹಿಡಿದು ನಾವು ನಿಂತಿದ್ದೆವು.