ಆಜ್ಞಾಪಾಲನೆ ಮತ್ತು ಅಂತಃಸಾಕ್ಷಿ

ಆಜ್ಞೆಯನ್ನು ಪಾಲಿಸುವುದೇ ಕರ್ತವ್ಯವಾಗಿದ್ದವನು ಶಾಸನಸಭೆಯನ್ನು ಪ್ರವೇಶಿಸಿದಾಗ ಆತನ ಧರ್ಮವು ಹೇಗೆ ಮಾರ್ಪಡುತ್ತದೆ? ಹಿರೇಕೆರೂರಿನ ಮಾಜಿ ಶಾಸಕರಾದ ಶ್ರೀ ಬಿ. ಸಿ. ಪಾಟೀಲರ ಜೀವನಕ್ರಮವು ಈ ಪ್ರಶ್ನೆಯನ್ನು ನಮ್ಮ ಮುಂದಿಡುತ್ತದೆ. ಹಿರೇಕೆರೂರು ಹಾವೇರಿ ಜಿಲ್ಲೆಗೆ ಸೇರಿದುದಾದರೂ ಶಿರಸಿ, ಸಿದ್ದಾಪುರ, ಯಲ್ಲಾಪುರಗಳ ವಾಚಕರಿಗೆ ಈ ಪ್ರಸಂಗವು ಅಪರಿಚಿತವಲ್ಲ.

ಪಾಟೀಲರು ಪೊಲೀಸ್ ಅಧಿಕಾರಿಯಾಗಿದ್ದವರು. 1998ರ ‘ಕೌರವ’ ಚಿತ್ರದ ನಟರಾಗಿಯೂ ಜನರಿಗೆ ಪರಿಚಿತರು. 2004ರಲ್ಲಿ ಜಾತ್ಯತೀತ ಜನತಾದಳದಿಂದಲೂ 2008 ಮತ್ತು 2018ರಲ್ಲಿ ಕಾಂಗ್ರೆಸ್ಸಿನಿಂದಲೂ ಆಯ್ಕೆಯಾದರು. ಪೊಲೀಸನಾದವನು ಅನುಮತಿಯಿಲ್ಲದೆ ರಾಜಕೀಯ ಸಂಘದ ಸದಸ್ಯನಾಗುವುದನ್ನು 1966ರ ಕೇಂದ್ರ ಕಾಯಿದೆಯು ನಿಷೇಧಿಸಿದೆ. ಬೇರೆಯವರು ರಚಿಸಿದ ಕಾನೂನನ್ನು ಬೀದಿಯಲ್ಲಿ ನಿಂತು ಜಾರಿಗೊಳಿಸುವುದಷ್ಟೇ ಅವನ ಪಾಲಿಗೆ ಬಂದದ್ದು. ಕಾನೂನು ಬಡವನ ಮನೆಬಾಗಿಲನ್ನು ಮುಟ್ಟಿದಾಗ ಏನಾಗುತ್ತದೆಂಬುದನ್ನು ಬಲ್ಲ ಇಂಥವನು ಶಾಸನಸಭೆಗೆ ಬರುವುದು ಇಷ್ಟವೇ. ಆದರೆ ಅಲ್ಲಿಯೂ ಆಜ್ಞೆಯುಂಟು. 1985ರಲ್ಲಿ ಸಂವಿಧಾನಕ್ಕೆ ಸೇರಿದ ಹತ್ತನೆಯ ಅನುಸೂಚಿಯಂತೆ ಪಕ್ಷದ ವಿಪ್ ಮೀರಿ ಮತ ನೀಡಿದವನು ಸದಸ್ಯತ್ವವನ್ನೇ ಕಳೆದುಕೊಳ್ಳಬಹುದು. ಸಮವಸ್ತ್ರವನ್ನು ಕಳಚಿದರೂ ಅಪ್ಪಣೆ ಬಿಡಲಿಲ್ಲವೆಂದಂತಾಯಿತು!

ಈ ಕಟ್ಟಳೆಯನ್ನು ಕೇವಲ ಬಂಧನವೆನ್ನುವುದು ನ್ಯಾಯವಲ್ಲ. ಮತದಾರನು ವ್ಯಕ್ತಿಯೊಡನೆ ಪಕ್ಷದ ಚಿಹ್ನೆಯನ್ನೂ ನೋಡಿ ಮತ ನೀಡಿರುತ್ತಾನೆ. ಆ ವಿಶ್ವಾಸಕ್ಕೂ ಬೆಲೆಯಿದೆ. ಅಂತಃಸಾಕ್ಷಿ ಒಪ್ಪದಿದ್ದಲ್ಲಿ ರಾಜೀನಾಮೆಯ ಮಾರ್ಗವು ತೆರೆದೇ ಇದೆ. 2019ರ ಜುಲೈ ತಿಂಗಳಲ್ಲಿ ಪಾಟೀಲರೂ ಯಲ್ಲಾಪುರದ ಶಾಸಕರಾದ ಶ್ರೀ ಶಿವರಾಮ ಹೆಬ್ಬಾರರೂ ಇತರರೊಡನೆ ಈ ಮಾರ್ಗವನ್ನೇ ಹಿಡಿದರು. ಸಭಾಧ್ಯಕ್ಷರು ಹದಿನೇಳು ಮಂದಿಯನ್ನು ಅನರ್ಹಗೊಳಿಸಿದರು. ಆ ಪೀಠಕ್ಕೆ ಅನಂತರ ಬಂದವರು ಶಿರಸಿ–ಸಿದ್ದಾಪುರದ ಅಂದಿನ ಶಾಸಕರಾದ ಶ್ರೀ ವಿಶ್ವೇಶ್ವರ ಹೆಗಡೆ ಕಾಗೇರಿಯವರು. ನವೆಂಬರಿನಲ್ಲಿ ಸರ್ವೋಚ್ಚ ನ್ಯಾಯಾಲಯವು ಅನರ್ಹತೆಯನ್ನು ಎತ್ತಿಹಿಡಿದು, ಮರುಸ್ಪರ್ಧೆಯ ನಿಷೇಧವನ್ನು ಮಾತ್ರ ತೆಗೆದುಹಾಕಿತು. ಡಿಸೆಂಬರ್ 5ರ ಉಪಚುನಾವಣೆಯಲ್ಲಿ ಇಬ್ಬರೂ ಭಾರತೀಯ ಜನತಾ ಪಕ್ಷದಿಂದ ಗೆದ್ದರು. 2020ರ ಫೆಬ್ರುವರಿಯಲ್ಲಿ ಇಬ್ಬರೂ ಮಂತ್ರಿಗಳಾದರು.

ನ್ಯಾಯಾಲಯದ ಪ್ರಶ್ನೆ ಅಲ್ಲಿಗೆ ಮುಗಿಯಿತು; ನೀತಿಯ ಪ್ರಶ್ನೆ ಮುಗಿಯಲಿಲ್ಲ. ಅನ್ಯಾಯದ ಆಜ್ಞೆಯನ್ನು ಧಿಕ್ಕರಿಸಿದ ಪೊಲೀಸನು ಅದರ ಬೆಲೆಯನ್ನು ತಾನೇ ತೆರುತ್ತಾನೆ: ಅಮಾನತು, ವರ್ಗಾವಣೆ, ಕೆಲವೊಮ್ಮೆ ಹೊಟ್ಟೆಯ ಅನ್ನ. ಅವನ ಮಾತು ಅಂತಃಸಾಕ್ಷಿಯದೆಂದು ನಂಬಲು ಅದೇ ಆಧಾರ. ಶಾಸಕನ ರಾಜೀನಾಮೆಯ ಹಿಂದೆಯೇ ಅಧಿಕಾರವು ಬಂದಾಗ ಈ ಆಧಾರವು ಸಡಿಲವಾಗುತ್ತದೆ. ಅವರವರ ಹೃದಯದಲ್ಲಿ ಏನಿತ್ತೆಂದು ತೀರ್ಪಿಡಲು ನಾವಾರು? ಆದರೆ ಸಂಶಯಪಡುವ ಮತದಾರನನ್ನು ದೂಷಿಸಲಾಗದು. ಉಪಚುನಾವಣೆಯ ವೆಚ್ಚವನ್ನು ಹೊತ್ತವನು ಅವನೇ.

ಜನರು ಮತ್ತೆ ಆರಿಸಿದ್ದರಿಂದ ಎಲ್ಲವೂ ಶುದ್ಧವಾಯಿತೆಂದು ಕೆಲವರು ವಾದಿಸುತ್ತಾರೆ. 2019ರಲ್ಲಿ ಅದು ಸರಿಯೆಂದೇ ತೋರಿತ್ತು. 2023ರಲ್ಲಿ ಹಿರೇಕೆರೂರಿನವರು ಪಾಟೀಲರನ್ನು ಸೋಲಿಸಿ ಕಾಂಗ್ರೆಸ್ಸಿನ ಶ್ರೀ ಯು. ಬಿ. ಬಣಕಾರರನ್ನು ಆರಿಸಿದರು. ಅದೇ ಚುನಾವಣೆಯಲ್ಲಿ ಯಲ್ಲಾಪುರದವರು ಹೆಬ್ಬಾರರನ್ನು ಪುನಃ ಗೆಲ್ಲಿಸಿದರು.